ಹತ್ತಿ ಹೊಲದ ಮೋಹಕ ಬಲೆ: ದುಡ್ಡಿಗೆ ಮೋಸವಿಲ್ಲ, ಆದರೆ ಬಸಿಗಾಲುವೆ ಮೊದಲು

ಶಿರಸಿ ಪೇಟೆಯಲ್ಲಿ ಹತ್ತಿಯ ಮಾತೆತ್ತಿದರೆ ಅಡಿಕೆಯವರು ಮುಖ ನೋಡುತ್ತಾರೆ. ಉತ್ತರ ಕನ್ನಡವೆಂದರೆ ತೋಟ, ಮೀನು, ಮಳೆ ಎಂದುಕೊಂಡವರಿಗೆ ಮುಂಡಗೋಡ, ಹಳಿಯಾಳ ತಾಲ್ಲೂಕುಗಳಲ್ಲಿ ಹತ್ತಿಯನ್ನೂ ಬೆಳೆಯುತ್ತಾರೆ ಎಂದು ನೆನಪಿಸಬೇಕಾಗುತ್ತದೆ. ನಾನು ಸೇರಿದ ಮನೆ ಶಿರಸಿಯದು, ತೋಟದವರದು. ತವರಿನಿಂದ ನನ್ನ ಪಾಲಿಗೆ ಬಂದ ಹೊಲ ಮುಂಡಗೋಡದ ಕಡೆಗಿದೆ. ಬಿತ್ತುವುದು, ಹರಗುವುದು, ಆಳು ಹುಡುಕುವುದು ತಮ್ಮನ ಕೆಲಸ. ಬೀಜ, ಗೊಬ್ಬರ, ಔಷಧಿ ಕೊಂಡು ಲೆಕ್ಕ ಬರೆಯುವುದು ನನ್ನದು. ಹೀಗಾಗಿ ಹತ್ತಿಯ ಹುಳಕ್ಕೆ ಕಟ್ಟುವ ಮೋಹಕ ಬಲೆಯ ಈ ವಿಮರ್ಶೆ ದುಡ್ಡು ಎಣಿಸಿ ಕೊಟ್ಟವಳದು. ಕಂಪನಿಯ ಹೆಸರನ್ನೂ ಅಂಗಡಿಯ ಹೆಸರನ್ನೂ ಬರೆಯುವುದಿಲ್ಲ. ಪೇಟೆಯಲ್ಲಿ ಸಿಗುವ ಬಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ನನ್ನ ತಕರಾರೂ ಒಬ್ಬರ ಮೇಲಿನದ್ದಲ್ಲ.

ಕೊಂಡದ್ದು ಹತ್ತಿಯ ಕಾಯಿ ಕೊರೆದು ತಿನ್ನುವ ಗುಲಾಬಿ ಕಾಯಿಕೊರಕದ ಪತಂಗ ಹಿಡಿಯುವ ಮೋಹಕ ಬಲೆ. ಇದರಲ್ಲಿ ಎರಡು ಬಗೆಗಳಿವೆ. ಒಂದು, ಗುಡಿಸಲಿನ ಮಾಡಿನಂತೆ ಮಡಚಿದ ತ್ರಿಕೋನದ ಬಲೆ; ಒಳಗೆ ಅಂಟು ಹಾಳೆ ಇರುತ್ತದೆ. ಇನ್ನೊಂದು ಕೊಳವೆ ಬಲೆ: ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೆ ಆಲಿಕೆ, ಆಲಿಕೆಗೆ ಸಿಕ್ಕಿಸಿದ ಉದ್ದನೆಯ ಪಾಲಿಥಿನ್ ಚೀಲ. ಮುಚ್ಚಳದ ಅಡಿಯಲ್ಲಿ ರಬ್ಬರಿನ ಸಣ್ಣ ಬಿರಡೆಯನ್ನು ತೂಗುಹಾಕಬೇಕು. ಅದಕ್ಕೆ ಅಂಗಡಿಯವರೂ ಇಲಾಖೆಯವರೂ ಲ್ಯೂರ್ ಎನ್ನುತ್ತಾರೆ. ಹೆಣ್ಣು ಪತಂಗ ರಾತ್ರಿ ಗಂಡನ್ನು ಕರೆಯಲು ಬಿಡುವ ವಾಸನೆಯನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಅದರಲ್ಲಿ ತುಂಬಿರುತ್ತಾರೆ. ಗಂಡು ಬರುತ್ತದೆ, ಆಲಿಕೆಯೊಳಗೆ ಜಾರುತ್ತದೆ, ಚೀಲದಲ್ಲಿ ಸಾಯುತ್ತದೆ. ಯಂತ್ರವೆನ್ನುವಷ್ಟು ಏನೂ ಇಲ್ಲ. ಬಲೆ ಮತ್ತು ಲ್ಯೂರ್ ಎರಡೂ ಸೇರಿ ನನಗೆ ಬಿದ್ದದ್ದು ನೂರು ರೂಪಾಯಿಯ ಆಸುಪಾಸು. ಒಂದು ಸಲದ ಔಷಧಿ ಸಿಂಪಡಣೆಗೆ, ಆಳಿನ ಕೂಲಿಯೂ ಸೇರಿ, ಎಷ್ಟಾಗುತ್ತದೆ ಎಂದು ಬಲ್ಲವರಿಗೆ ಇದು ದುಬಾರಿ ಅನ್ನಿಸುವುದಿಲ್ಲ.

ಕೊಳ್ಳುವಾಗಲೇ ಮೊದಲ ತೊಡಕು. ಶಿರಸಿಯ ಗೊಬ್ಬರದ ಅಂಗಡಿಗಳು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಮಾರಿ ಬದುಕುವ ಅಂಗಡಿಗಳು. ನಾನು ಹೋದಲ್ಲಿ ಕೆಲಸದ ಹುಡುಗ ಒಂದು ಲಕೋಟೆ ತಂದು ಕೈಗಿಟ್ಟ. ಅದರ ಮೇಲೆ ಹೆಲಿಕೋವರ್ಪಾ ಎಂದಿತ್ತು. ಅದು ಕಡಲೆ, ತೊಗರಿ, ಟೊಮೆಟೊ ತಿನ್ನುವ ಹಸಿರು ಕಾಯಿಕೊರಕದ್ದು.

"ಇದು ಆ ಹುಳದ್ದಲ್ಲ ತಮ್ಮಾ" ಎಂದೆ.

"ಎಲ್ಲ ಹುಳಕ್ಕೂ ಇದೇ ನಡೆಯುತ್ತದೆ ಅಕ್ಕಾ."

"ಒಂದು ಜಾತಿಯ ಹೆಣ್ಣು ಕರೆದರೆ ಇನ್ನೊಂದು ಜಾತಿಯ ಗಂಡು ಬರುತ್ತದೆಯೇ? ನಮ್ಮೂರಲ್ಲೇ ಬರುವುದಿಲ್ಲ, ಹುಳದಲ್ಲಿ ಬರುತ್ತದೆಯೇ?"

ಹುಡುಗ ನಕ್ಕ, ಒಳಗಿದ್ದ ಯಜಮಾನರಿಗೆ ನಗು ಬರಲಿಲ್ಲ. ಸರಿಯಾದದ್ದನ್ನು ತರಿಸಿಕೊಟ್ಟರು ಎನ್ನಿ. ಕೊಳ್ಳುವವರು ಲಕೋಟೆಯ ಮೇಲೆ ಪೆಕ್ಟಿನೊಫೊರಾ (ಗುಲಾಬಿ ಹುಳದ ಶಾಸ್ತ್ರೀಯ ಹೆಸರು) ಅಥವಾ ಗಾಸಿಪ್ಲೂರ್ (ಅದರ ಹೆಣ್ಣಿನ ವಾಸನೆಯ ಹೆಸರು) ಎಂದಿದೆಯೇ ಎಂದು ನೋಡಬೇಕು. ಜೊತೆಗೆ ತಯಾರಾದ ತಿಂಗಳನ್ನೂ ನೋಡಬೇಕು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದ ಲ್ಯೂರಿನಿಂದ ಯಾವ ಗಂಡೂ ಮರುಳಾಗುವುದಿಲ್ಲ. ಹೆಚ್ಚಿಗೆ ತಂದದ್ದನ್ನು ಲಕೋಟೆ ಒಡೆಯದೆ ಫ್ರಿಜ್ಜಿನಲ್ಲಿ ಇಡಬೇಕು. ನಮ್ಮ ಅತ್ತೆಯವರಿಗೆ ಹಾಲಿನ ಪಾತ್ರೆಯ ಪಕ್ಕ ಹುಳದ ಸರಕು ಇರುವುದು ಸಹಿಸಲಿಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟ ಮೇಲೆ ಸುಮ್ಮನಾದರು. ತಂಬಾಕು ತಿಕ್ಕಿದ ಕೈಯಲ್ಲಿ, ಔಷಧಿ ಕಲಸಿದ ಕೈಯಲ್ಲಿ ಬಿರಡೆ ಮುಟ್ಟಬಾರದು. ಇದನ್ನು ಅಂಗಡಿಯವರು ಹೇಳಲಿಲ್ಲ. ಲಕೋಟೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಹತ್ತಿ ಬೆಳೆಯುವ ನಾಡಿನಲ್ಲಿ ಮಾರುವ ಸರಕಿಗೆ ಇಷ್ಟೂ ಮಾಡದ ಕಂಪನಿಗೆ ನನ್ನ ಲೆಕ್ಕದಲ್ಲಿ ಅರ್ಧ ಅಂಕ ಅಲ್ಲೇ ಹೋಯಿತು.

ಬಿತ್ತಿ 45 ದಿನವಾಗುತ್ತಲೇ, ಮೊಗ್ಗು ಕಾಣುವ ಹೊತ್ತಿಗೆ ಬಲೆ ನಿಲ್ಲಿಸಬೇಕು. ಗಿಡದ ತುದಿಗಿಂತ ಒಂದು ಅಡಿ ಮೇಲೆ ಇರಬೇಕು. ಗಿಡ ಬೆಳೆದಂತೆ ಕೋಲಿನ ಮೇಲೆ ಬಲೆಯನ್ನೂ ಏರಿಸುತ್ತಾ ಹೋಗಬೇಕು. ಹುಳದ ಬರವನ್ನು ತಿಳಿಯುವುದಕ್ಕಾದರೆ ಎಕರೆಗೆ ಎರಡು ಸಾಕು. ಪತಂಗಗಳನ್ನೇ ಹಿಡಿದು ಕಡಿಮೆ ಮಾಡುತ್ತೇವೆ ಎಂದರೆ ಎಂಟು ಬೇಕು. ಲ್ಯೂರನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಇನ್ನು ಸುಮ್ಮನಿರುವಂತಿಲ್ಲ ಎನ್ನುವುದು ಕೃಷಿ ವಿಜ್ಞಾನಿಗಳು ಕೊಟ್ಟಿರುವ ಗಡಿ. ಬೀಳುವ ಪತಂಗ ನೋಡಲು ಏನೂ ಅಲ್ಲ. ಬೂದುಗಂದು ಬಣ್ಣದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಟ್ಟೆ. ಹೆಸರಿನಲ್ಲಿರುವ ಗುಲಾಬಿ ಬಣ್ಣ ಮರಿಹುಳದ್ದು, ಅದೂ ಬಲಿತ ಮೇಲೆ.

ಬಲೆಯ ಚೀಲ ತುಂಬಿದೆ ಎಂದು ಸಂತೋಷಪಡುವವರನ್ನು ನೋಡಿದ್ದೇನೆ. ಚೀಲ ತುಂಬಿದರೆ ಗೆದ್ದಂತಲ್ಲ, ಹೊಲಕ್ಕೆ ಹುಳ ಬಂದಿದೆ ಎಂದರ್ಥ. ಬಿದ್ದದ್ದೆಲ್ಲ ಗಂಡು, ಉಳಿದ ಗಂಡುಗಳು ಸಂಸಾರ ನಡೆಸಿಯೇ ಇರುತ್ತವೆ. ಬಲೆ ಹೇಳಿದ್ದು ನಿಜವೇ ಎಂದು ಕಾಯಿ ಒಡೆದು ನೋಡಬೇಕು. ಎಕರೆಗೆ ಇಪ್ಪತ್ತು ಹಸಿರು ಕಾಯಿಗಳನ್ನು ಒಂದೇ ಸಾಲಿನಲ್ಲಲ್ಲ, ಹೊಲವೆಲ್ಲ ಅಡ್ಡಾಡಿ ಕೀಳಬೇಕು. ತೀರಾ ಎಳೆಯದೂ ಬೇಡ, ಬಲಿತು ಗಟ್ಟಿಯಾದದ್ದೂ ಬೇಡ. ಹೆಬ್ಬೆರಳಿನಿಂದ ಒತ್ತಿದರೆ ಬಿರಿಯುವಂಥದ್ದು. ಹೊರಗಿನಿಂದ ನೋಡಿದರೆ ಕಾಯಿ ಚೆನ್ನಾಗಿಯೇ ಇರುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಕೂದಲೆಳೆಯಷ್ಟು ಸಣ್ಣ ತೂತು ಕೊರೆದು ಒಳಹೊಕ್ಕಿರುತ್ತದೆ, ಆ ತೂತು ಮುಚ್ಚಿಯೇ ಹೋಗಿರುತ್ತದೆ. ಸಿಪ್ಪೆ ಬಿಡಿಸಿದಾಗ ಒಳಗೋಡೆಯ ಮೇಲೆ ಗುಳ್ಳೆಯಂಥ ಗುರುತು, ಒಂದು ತೊಳೆಯಿಂದ ಪಕ್ಕದ ತೊಳೆಗೆ ದಾಟಿದ ದುಂಡನೆಯ ಕಿಂಡಿ, ಹಳದಿ ಕಲೆ ಹತ್ತಿದ ಹಸಿ ಅರಳೆ, ಒಳತಿರುಳು ಹೋಗಿ ಟೊಳ್ಳಾದ ಬೀಜ ಕಾಣುತ್ತವೆ. ಆ ಬೀಜದೊಳಗೆ ತಲೆಯಷ್ಟೇ ಕಪ್ಪಾದ ಬಿಳಿ ಮರಿ ಕುಳಿತಿರುತ್ತದೆ. ಇಪ್ಪತ್ತರಲ್ಲಿ ಎರಡು ಕಾಯಿಗಳಲ್ಲಿ ಹುಳ ಸಿಕ್ಕರೆ ಸಿಂಪಡಣೆಯ ಹೊತ್ತು. ಇದಕ್ಕೂ ಮೊದಲು ಹೂವಿನಲ್ಲೇ ಸೂಚನೆ ಸಿಗುತ್ತದೆ: ಎಸಳುಗಳು ಅರಳದೆ, ದಾರದಲ್ಲಿ ಹೊಲಿದಂತೆ ತುದಿ ಸೇರಿಕೊಂಡು ಮೊಗ್ಗು ಗುಲಾಬಿಯ ಆಕಾರದಲ್ಲೇ ನಿಂತಿರುತ್ತದೆ. ಅಂಥ ಹೂವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದು ಸುಡಬೇಕು. ಅಲ್ಲೇ ಎಸೆದರೆ ಕಿತ್ತೂ ಪ್ರಯೋಜನವಿಲ್ಲ.

ಕಾಯಿಕೊರಕಕ್ಕೆ ವಿಷವಾಗುವ ಜೀನು ಸೇರಿಸಿದ ಬಿಟಿ ಬೀಜ ಬಿತ್ತಿದ ಮೇಲೆ ಇದೆಲ್ಲ ಯಾಕೆ ಎಂದು ನಮ್ಮ ಯಜಮಾನರು ಕೇಳಿದರು. ತೋಟದವರಿಗೆ ಈ ಕಥೆ ಗೊತ್ತಿಲ್ಲದ್ದು ಸಹಜ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಎರಡು ಜೀನುಗಳ ಬಿಜಿ-2 ಬಂದದ್ದು 2006ರಲ್ಲಿ. ಆರಂಭದಲ್ಲಿ ಕಾಯಿಕೊರಕಗಳು ನಿಜಕ್ಕೂ ಅಡಗಿದವು. ಹುಳಕ್ಕೆ ಆ ವಿಷ ಒಗ್ಗದಿರಲಿ ಎಂದು ಹೊಲದ ಸುತ್ತ ಬಿಟಿ ಅಲ್ಲದ ಹತ್ತಿಯ ಸಾಲು ಬಿತ್ತಬೇಕಿತ್ತು. ಅದಕ್ಕಾಗಿಯೇ ಪೊಟ್ಟಣದ ಜೊತೆ 120 ಗ್ರಾಂ ಬೇರೆ ಬೀಜ ಕೊಡುತ್ತಿದ್ದರು. ಬಿತ್ತಿದವರು ಎಷ್ಟು ಜನ? ನಮ್ಮ ಸೀಮೆಯಲ್ಲಿ ಆ ಪೊಟ್ಟಣ ಬದುವಿನ ಮೇಲೆ ಬಿದ್ದಿರುತ್ತಿತ್ತು. ಈಗ ಆ ಬೀಜವನ್ನು ಒಂದೇ ಪೊಟ್ಟಣದಲ್ಲಿ ಬೆರೆಸಿಯೇ ಮಾರುತ್ತಾರೆ, ಆದರೆ ಹೊತ್ತು ಮೀರಿದೆ. ಗುಜರಾತಿನಲ್ಲಿ 2010ರ ಹೊತ್ತಿಗೇ ಗುಲಾಬಿ ಕಾಯಿಕೊರಕ ಮೊದಲ ಜೀನಿಗೆ ಬಗ್ಗದೆ ನಿಂತಿತ್ತು. ಮುಂದಿನ ವರ್ಷಗಳಲ್ಲಿ ಎರಡನೆಯದನ್ನೂ ಅರಗಿಸಿಕೊಂಡಿತು. ಹಸಿರು ಕಾಯಿಕೊರಕ ಹತ್ತಾರು ಬೆಳೆ ತಿನ್ನುತ್ತದೆ. ಈ ಗುಲಾಬಿ ಹುಳಕ್ಕೆ ಹತ್ತಿಯೇ ಅನ್ನ, ಹತ್ತಿಯೇ ಮನೆ. ಎಲ್ಲ ಕಡೆ ಬಿಟಿ ಹತ್ತಿಯೇ ಇದ್ದಾಗ ಒಗ್ಗಿಸಿಕೊಳ್ಳದೆ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ.

ಇಷ್ಟು ಬಲೆಯ ಗುಣ. ಈಗ ಬಲೆಯ ಕೈಗೆ ಎಟುಕದ ಸಂಗತಿಗೆ ಬರುತ್ತೇನೆ. ನನ್ನ ಹೊಲದಲ್ಲಿ ಇಳುವರಿ ನಿರ್ಧಾರವಾಗುವುದು ಅಲ್ಲಿಯೇ.

ನಮ್ಮ ಹೊಲ ಪಡುವಣಕ್ಕೆ ಎತ್ತರ, ಮೂಡಣಕ್ಕೆ ತಗ್ಗು. ಎತ್ತರದ ಭಾಗ ಕೆಂಪು ಮಿಶ್ರಿತ ಮಣ್ಣು, ನೀರು ಬಸಿದು ಹೋಗುತ್ತದೆ. ತಗ್ಗಿನದ್ದು ಎರೆ, ಮಳೆ ಹಿಡಿದರೆ ಕಾಲು ಇಟ್ಟಲ್ಲಿ ಚಪ್ಪಲಿ ಉಳಿಯುತ್ತದೆ. ಎರಡೂ ಕಡೆ ಒಂದೇ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಗೊಬ್ಬರ. ಎತ್ತರದಲ್ಲಿ ಎಕರೆಗೆ ಆರೇಳು ಕ್ವಿಂಟಲ್ ಬರುವ ವರ್ಷ ತಗ್ಗಿನಲ್ಲಿ ಮೂರು ಬಂದರೆ ಹೆಚ್ಚು. ಹತ್ತಿಗೆ ನೀರು ಬೇಕು, ನಿಂತ ನೀರು ಬೇಡ. ಬೇರಿಗೆ ಗಾಳಿ ಸಿಗದಿದ್ದರೆ ಗಿಡ ಮಣ್ಣಿನಲ್ಲಿರುವ ಸಾರವನ್ನೂ ಹೀರಲಾರದು. ಧಾರವಾಡದ ಕಡೆಯ ಆಳವಾದ ಎರೆಯಲ್ಲಿ ಹತ್ತಿ ಬರುತ್ತದೆ ನಿಜ, ಆದರೆ ಅಲ್ಲಿಯ ಮಳೆಯ ಲೆಕ್ಕವೇ ಬೇರೆ. ಮುಂಡಗೋಡಕ್ಕೆ ಶಿರಸಿಯಷ್ಟು ಮಳೆ ಇಲ್ಲವೆಂದರೂ ಮಲೆನಾಡಿನ ಸೆರಗು ಅಲ್ಲಿಗೂ ತಾಗುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಮೋಡ ಕವಿದು ಬಿಸಿಲೇ ಬೀಳದಿದ್ದರೆ ಕಟ್ಟಿದ ಮೊಗ್ಗುಗಳನ್ನು ಗಿಡ ತಾನಾಗಿ ಉದುರಿಸುತ್ತದೆ. ಆಗ ಹುಳವನ್ನು ಬೈದು ಫಲವಿಲ್ಲ. ಒತ್ತಾಗಿ ಬಿತ್ತಿದ್ದರೆ ಗಿಡಗಳ ನಡುವೆ ಗಾಳಿಯಾಡದೆ ಕೆಳಗಿನ ಕಾಯಿಗಳು ಕೊಳೆಯುತ್ತವೆ.

ತಗ್ಗಿನ ತುಂಡಿನಲ್ಲಿ ಕಾಯಿ ತುಂಬಿದ ಗಿಡಗಳು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಾಡಿ ನಿಂತವು. ಹಸ್ತದ ಮಳೆ ಜೋರಾಗಿ ಸುರಿದು, ಮರುದಿನವೇ ಚುರುಕಾದ ಬಿಸಿಲು ಬಿದ್ದಿತ್ತು. ತಮ್ಮ ಫೋನ್ ಮಾಡಿ "ಅಕ್ಕಾ, ಬೇರುಕೊಳೆ ಬಂದಿದೆ, ಔಷಧಿ ತಾ" ಎಂದ. ಬೇರುಕೊಳೆ ಆಗಿದ್ದರೆ ಗಿಡ ಎಳೆದ ಕೂಡಲೇ ಕಿತ್ತು ಬರುತ್ತದೆ, ಬೇರಿನ ಸಿಪ್ಪೆ ಚಿಂದಿಯಾಗಿರುತ್ತದೆ. ಇಲ್ಲಿ ಗಿಡ ಜಗ್ಗಿದರೂ ಬರಲಿಲ್ಲ. ಅಗೆದು ತೆಗೆದರೆ ಬೇರು ಗಟ್ಟಿಯಾಗಿಯೇ ಇತ್ತು. ಇದು ರೋಗಾಣುವಿನ ಕೆಲಸವಲ್ಲ. ಕಾಯಿಯ ಭಾರ ಹೊತ್ತ ಗಿಡಕ್ಕೆ ಬಿಸಿಲಿನಲ್ಲಿ ನೀರು ಬೇಕು, ಬೇರು ಮಾತ್ರ ನೀರಿನಲ್ಲೇ ಮುಳುಗಿ ಉಸಿರುಗಟ್ಟಿದೆ. ಶಾಸ್ತ್ರದವರು ಇದನ್ನು ಪ್ಯಾರಾವಿಲ್ಟ್ ಎನ್ನುತ್ತಾರೆ. ಬಾಡಲು ಶುರುವಾದ ಒಂದು ದಿನದೊಳಗೆ ಲೀಟರ್ ನೀರಿಗೆ 10 ಮಿಲಿಗ್ರಾಂ ಕೋಬಾಲ್ಟ್ ಕ್ಲೋರೈಡ್ ಕರಗಿಸಿ ಸಿಂಪಡಿಸಿದರೆ ಒಂದಷ್ಟು ಗಿಡಗಳು ಚೇತರಿಸಿಕೊಳ್ಳುತ್ತವೆ. ಆ ದಿನ ಶಿರಸಿಯಲ್ಲಿ ಅದು ಯಾವ ಅಂಗಡಿಯಲ್ಲಿತ್ತು? ಇರಲಿಲ್ಲ. ಮೂಡಣದ ಬದುವನ್ನು ಒಡೆದು ನೀರು ಹೊರಗೆ ಬಿಟ್ಟದ್ದೇ ಔಷಧಿ. ಮುಂದಿನ ಹಂಗಾಮಿಗೆ ಬಸಿಗಾಲುವೆ ತೋಡಿಸಿ, ತಗ್ಗಿನಲ್ಲಿ ಬೋದು ಎಬ್ಬಿಸಿ ಅದರ ಮೇಲೆ ಬೀಜ ಊರಿಸಿದೆ. ಕಾಲುವೆಯ ಖರ್ಚು ಬಲೆಗಳ ಖರ್ಚಿನ ಹಲವು ಪಟ್ಟು. ಅದರಿಂದ ಬಂದ ಹತ್ತಿಯೂ ಹಾಗೆಯೇ.

ಎಲೆ ಕೆಂಪಾಗುವುದು ಇನ್ನೊಂದು. ಅಂಗಡಿಯಲ್ಲಿ ಕೆಂಪೆಲೆ ತೋರಿಸಿದರೆ ಕೀಟನಾಶಕವನ್ನೇ ಕೊಡುತ್ತಾರೆ. ಎಲೆಯ ಅಂಚು ಹಳದಿಯಾಗಿ ಕೆಳಕ್ಕೆ ಮುದುಡಿ ಆಮೇಲೆ ಕೆಂಪಾಗಿದ್ದರೆ ಅದು ಜಿಗಿಹುಳದ ಕೆಲಸ. ಎಲೆ ತಿರುಗಿಸಿದರೆ ಅಡ್ಡಡ್ಡ ಓಡುವ ಹಸಿರು ಮರಿಗಳು ಕಾಣುತ್ತವೆ. ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗವಷ್ಟೇ ಕೆಂಪೇರಿದರೆ ಮೆಗ್ನೀಸಿಯಂ ಕೊರತೆ. ಮಳೆಗೆ ಸಾರ ತೊಳೆದುಹೋಗುವ ನಮ್ಮ ಮಣ್ಣಿನಲ್ಲಿ ಅದು ಸಾಮಾನ್ಯ. ಕಾಯಿ ಬಲಿಯುವ ಹೊತ್ತಿಗೆ ರಾತ್ರಿಯ ಚಳಿ ಇಳಿದರೆ ಇನ್ನೂ ಬೇಗ ಕೆಂಪಾಗುತ್ತದೆ. ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಿದರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ. ಬೇಗನೆ ಹೊಡೆದ ಕೀಟನಾಶಕದಿಂದ, ಅದರಲ್ಲೂ ಪೈರೆಥ್ರಾಯ್ಡ್ ಜಾತಿಯದ್ದರಿಂದ, ಗುಲಗಂಜಿ ಹುಳ, ಜೇಡಗಳು ಸತ್ತು ಬಿಳಿನೊಣಕ್ಕೆ ಹಬ್ಬವಾಗುತ್ತದೆ. ಬಲೆಯ ದೊಡ್ಡ ಉಪಕಾರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಪತಂಗ ಬೀಳದ ವಾರಗಳಲ್ಲಿ ಖಾಲಿ ಚೀಲ ತೋರಿಸಿ ತಮ್ಮನ ಪಂಪನ್ನು ಅಟ್ಟದ ಮೇಲೆಯೇ ಇರಿಸಬಹುದು. ಉಳಿದ ಸಿಂಪಡಣೆಯ ದುಡ್ಡೇ ಬಲೆಯ ಬೆಲೆಯನ್ನು ತೀರಿಸಿತು.

ಯೂರಿಯಾದ ಮೇಲೆ ತಮ್ಮನಿಗಿರುವ ಪ್ರೀತಿ ಬೇರೆ ಕಥೆ. ಗಿಡ ಎದೆಮಟ್ಟ ಬೆಳೆದು ಹಸಿರಿನಿಂದ ಕಪ್ಪಾಗಿ ಕಂಡರೆ ಅವನಿಗೆ ಊರಿನಲ್ಲಿ ಮರ್ಯಾದೆ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ ರಸ ಹೀರುವ ಕೀಟಗಳಿಗೆ ರುಚಿಯಾಗುತ್ತದೆ, ಗಿಡ ಬೆಳೆಯುತ್ತಲೇ ಇದ್ದು ಕಾಯಿ ತಡವಾಗುತ್ತದೆ. ತಡವಾದ ಕಾಯಿ ಎಂದರೆ ಗುಲಾಬಿ ಹುಳದ ಪಾಲು. ಈಗ ಯೂರಿಯಾವನ್ನು ಮೂರು ಕಂತಿನಲ್ಲಿ ಕೊಡುತ್ತೇವೆ. ಚೀಲ ಶಿರಸಿಯಿಂದಲೇ ಹೋಗುವುದರಿಂದ ಈ ವಾದದಲ್ಲಿ ಗೆಲ್ಲುವುದು ನನಗೆ ಕಷ್ಟವಾಗಲಿಲ್ಲ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಹಿಂಡು ತರುಬಿಸುವ ರೂಢಿ ಅಪ್ಪನ ಕಾಲದಿಂದ ಇತ್ತು, ಅದನ್ನು ಬಿಟ್ಟಿಲ್ಲ.

ಬಲೆಗೆ ಕಾಣುವುದು ನನ್ನ ಬದುವಿನ ಒಳಗಿನ ಹೊಲ ಮಾತ್ರವಲ್ಲ, ಪಕ್ಕದವರದ್ದೂ. ಡಿಸೆಂಬರ್ ಹೊತ್ತಿಗೆ ಎರಡು-ಮೂರು ಬಿಡಿ (ಹತ್ತಿ ಬಿಡಿಸುವ ಸರದಿ) ಮುಗಿಸಿ ನಾವು ಗಿಡ ಕಿತ್ತಿರುತ್ತೇವೆ. ಪಕ್ಕದಲ್ಲಿ ಕೊಳವೆಬಾವಿ ಇರುವವರು ಇನ್ನೊಂದು ಬಿಡಿ ಸಿಗಲಿ ಎಂದು ನೀರು ಹಾಯಿಸಿ ಫೆಬ್ರವರಿ ದಾಟಿಸುತ್ತಾರೆ. ಅಷ್ಟೂ ದಿನ ಹುಳ ಅಲ್ಲಿ ಸಂತಾನ ಬೆಳೆಸುತ್ತದೆ. ಕೊನೆಯ ತಲೆಮಾರಿನ ಮರಿಗಳು ಎರಡು ಬೀಜಗಳನ್ನು ಅಂಟಿಸಿಕೊಂಡು ಒಳಗೆ ಮಲಗುತ್ತವೆ. ಕಿತ್ತ ಹತ್ತಿಕಟ್ಟಿಗೆಯ ಒಣ ಕಾಯಿಯಲ್ಲಿ, ಮನೆಯಲ್ಲಿಟ್ಟ ಅರಳೆಯಲ್ಲಿ, ಅರಳೆಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲಿ. ಮುಂಗಾರಿನ ಹೊತ್ತಿಗೆ ಎದ್ದು ಬರುತ್ತವೆ. ಕಟ್ಟಿಗೆಯನ್ನು ಒಲೆಗೆಂದು ಹಿತ್ತಲಿನಲ್ಲಿ ಒಟ್ಟುವ ಮನೆ ಯಾವುದಿಲ್ಲ? ಮಳೆಗಾಲದ ಮೊದಲೇ ಅದನ್ನು ಉರಿಸಿ ಮುಗಿಸಿ ಎಂದು ಪಕ್ಕದ ಅಣ್ಣನಿಗೆ ಹೇಳಿದೆ. "ಹುಳಕ್ಕೆ ನನ್ನ ಹೊಲ ಯಾವುದು, ನಿನ್ನ ಹೊಲ ಯಾವುದು ಎಂದು ಗೊತ್ತಿಲ್ಲ ತಂಗೀ" ಎಂದರು. ಅದನ್ನೇ ನಾನು ಹೇಳುತ್ತಿದ್ದದ್ದು. ಊರೆಲ್ಲ ಒಂದೇ ವಾರದಲ್ಲಿ ಬಿತ್ತಿ, 140ರಿಂದ 160 ದಿನಕ್ಕೆ ಮುಗಿಯುವ ತಳಿ ಹಾಕಿ, ವರ್ಷಾಂತ್ಯದಲ್ಲಿ ಹೊಲ ಖಾಲಿ ಮಾಡಿದರೆ ಎಕರೆಗೆ ಎರಡು ಬಲೆ ಸಾಕಾಗುತ್ತದೆ. ಒಬ್ಬರೇ ಮಾಡಿದರೆ ಇಪ್ಪತ್ತು ನೆಟ್ಟರೂ ಕಡಿಮೆಯೇ.

ನಮ್ಮ ಘಟ್ಟಕ್ಕೂ ಹತ್ತಿಗೂ ಹಳೆಯ ನಂಟಿದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಧಾರವಾಡ ಸೀಮೆಯ ಅರಳೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರ ಬಂದರನ್ನು ಬೆಳೆಸಲು ಹೊರಟಿದ್ದರ ಹಿಂದೆಯೂ ಇದೇ ಹತ್ತಿ ಇತ್ತು. ಅದರಲ್ಲಿ ದೊಡ್ಡ ಪಾಲು ನಾಟಿ ಹತ್ತಿ. ಎಳೆ ಗಿಡ್ಡ, ಇಳುವರಿ ಕಡಿಮೆ, ಆದರೆ ಬರ ತಡೆಯುತ್ತಿತ್ತು, ಜಿಗಿಹುಳಕ್ಕೆ ಸುಲಭವಾಗಿ ಸೋಲುತ್ತಿರಲಿಲ್ಲ. ಆ ಕುಲದ ಜಯಧರವನ್ನು ಅಜ್ಜಿ ದೀಪದ ಬತ್ತಿಗೆಂದು ಬದುವಿನಲ್ಲಿ ಉಳಿಸಿಕೊಂಡಿದ್ದರು. ಮಾರುಕಟ್ಟೆಗೆ ಈಗ ಉದ್ದನೆಯ ಎಳೆಯೇ ಬೇಕು: 2025-26ರ ಬೆಂಬಲ ಬೆಲೆ ಮಧ್ಯಮ ಎಳೆಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಗೆ 8,110 ಇತ್ತು. ಹುಳ ತಿಂದ ಹಳದಿ ಅರಳೆಯನ್ನು ಒಳ್ಳೆಯದರ ಜೊತೆ ಬೆರೆಸಿ ಒಯ್ದರೆ ಈ ಬೆಲೆ ಕಾಗದದಲ್ಲೇ ಉಳಿಯುತ್ತದೆ. ಬಿಡಿಸುವಾಗಲೇ ಬೇರೆ ಮಡಿಲು ಕಟ್ಟಿಕೊಳ್ಳಲು ಹೆಣ್ಣಾಳುಗಳಿಗೆ ಹೇಳಿರುತ್ತೇನೆ; ಅದಕ್ಕೆ ಕೂಲಿ ಸ್ವಲ್ಪ ಹೆಚ್ಚು ಕೇಳುತ್ತಾರೆ, ನ್ಯಾಯವೇ.

ಸರಕಿನ ದೋಷಗಳಿಗೆ ಮರಳುತ್ತೇನೆ. ತ್ರಿಕೋನದ ಬಲೆ ನಮ್ಮ ಮಳೆಗೆ ಆಗದು. ಗಾಳಿಮಳೆಗೆ ಒಳಗಿನ ಅಂಟು ಹಾಳೆ ನೆನೆದು ಮಣ್ಣು, ಎಲೆಚೂರು ಮೆತ್ತಿಕೊಳ್ಳುತ್ತದೆ. ಆಮೇಲೆ ಪತಂಗಕ್ಕೆ ಅಂಟಲು ಜಾಗವೇ ಇರುವುದಿಲ್ಲ. ಕೊಳವೆ ಬಲೆ ತಾಳುತ್ತದೆ, ಆದರೆ ಮುಚ್ಚಳದ ಅಂಚಿನಿಂದ ನೀರು ಇಳಿದು ಚೀಲದ ಬುಡದಲ್ಲಿ ನಿಂತು ಸತ್ತ ಪತಂಗಗಳು ಕೊಳೆತು ನಾರುತ್ತವೆ, ಎಣಿಸಲೂ ಆಗುವುದಿಲ್ಲ. ಚೀಲದ ತುದಿಯಲ್ಲಿ ಸೂಜಿಯಿಂದ ಎರಡು ತೂತು ಮಾಡಿದ ಮೇಲೆ ಆ ಕಾಟ ತಪ್ಪಿತು. ಕಾರ್ಖಾನೆಯವರೇ ಮಾಡಿ ಕಳುಹಿಸಬಹುದಿತ್ತು. ಮುಚ್ಚಳ ಮತ್ತು ಆಲಿಕೆಯನ್ನು ಸೇರಿಸುವ ಕಡ್ಡಿಗಳು ತೀರಾ ತೆಳು, ಎಮ್ಮೆ ಮೈ ತಿಕ್ಕಿದರೆ ಮುರಿಯುತ್ತವೆ. ಪ್ಲಾಸ್ಟಿಕ್ ಒಂದೇ ಬೇಸಿಗೆಗೆ ಬಣ್ಣಗೆಟ್ಟು ಪುಡಿಯಾಗುವಷ್ಟು ಕಳಪೆಯಲ್ಲ. ಹಂಗಾಮು ಮುಗಿದ ಮೇಲೆ ತೊಳೆದು ಇಟ್ಟರೆ ಮರುವರ್ಷಕ್ಕೆ ಚೀಲ ಮತ್ತು ಲ್ಯೂರ್ ಮಾತ್ರ ಕೊಂಡರೆ ಸಾಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಹೋದದ್ದು ಕನ್ನಡವಿಲ್ಲದ ಲಕೋಟೆಗೆ, ಇನ್ನರ್ಧ ಕಡ್ಡಿ ಮತ್ತು ಚೀಲಕ್ಕೆ, ಉಳಿದರ್ಧ "ಬಲೆ ಕಟ್ಟಿದರೆ ಹುಳವೇ ಇಲ್ಲ" ಎಂದು ಡಬ್ಬಿಯ ಮೇಲೆ ಚಿತ್ರ ಬರೆಸಿದ್ದಕ್ಕೆ. ಕೊಳ್ಳುವವರು ಜುಲೈ ಮುಗಿಯುವುದರೊಳಗೆ ಅಂಗಡಿಗೆ ಹೇಳಿಟ್ಟರೆ ಒಳ್ಳೆಯದು. ಶಿರಸಿಯಲ್ಲಿ ಕೇಳಿದ ಕೂಡಲೇ ಸಿಗುವ ಸರಕಲ್ಲ ಇದು. ಲ್ಯೂರ್ ಮಾತ್ರ ಒಟ್ಟಿಗೆ ಕೊಳ್ಳದೆ ಎರಡು ಕಂತಿನಲ್ಲಿ ತರಿಸಿಕೊಳ್ಳಿ, ಎರಡನೆಯ ಕಂತಿನ ಲಕೋಟೆಯ ತಾರೀಖನ್ನೂ ಓದಿ.